ಕಾವೇರಿದಾಗ ಮಾತ್ರ ಎಡವುತ್ತಿದ್ದ ರ‍್ಯಾಮ್

ನಾನೇ ಜೋಡಿಸಿದ, ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿನ ಕಂಪ್ಯೂಟರ್‌ನಲ್ಲಿ 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್‌ಗಳಿವೆ. ಸುಮ್ಮನೆ ಬಿಟ್ಟರೆ 4800ರಲ್ಲಿ (ಸೆಕೆಂಡಿಗೆ ಇಷ್ಟು ದಶಲಕ್ಷ ವರ್ಗಾವಣೆ ಎಂಬ ಲೆಕ್ಕ) ಓಡುತ್ತವೆ, ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ, ಎಕ್ಸ್‌ಪೋ ಎಂಬ ಸಿದ್ಧ ವೇಗದ ಸೆಟ್ಟಿಂಗ್ ಆನ್ ಮಾಡಿದರೆ 6000ಕ್ಕೆ ಏರುತ್ತವೆ. ಆನ್ ಮಾಡಿದೆ. ವಿಂಡೋಸ್ ಸಲೀಸಾಗಿ ಬೂಟ್ ಆಯಿತು, ಗೇಮ್‌ಗಳೂ ಓಡಿದವು. ಆದರೆ ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಆಗಾಗ ಡೇಟಾ ಕೆಟ್ಟಿದೆ ಎನ್ನುವ ಸಿಆರ್‌ಸಿ ಎರರ್ ಬರುತ್ತಿತ್ತು. ಅದೇ ಫೈಲನ್ನು ಮತ್ತೆ ಬಿಚ್ಚಿದರೆ ಎಲ್ಲ ಸರಿ.

ಡೌನ್‌ಲೋಡೇ ಕೆಟ್ಟಿದ್ದರೆ ಪ್ರತಿ ಸಲವೂ ಎರರ್ ಬರಲೇಬೇಕು. ಅನುಮಾನ ಬಂದು, ರ‍್ಯಾಮ್‌ಗಿಂತ ದೊಡ್ಡದಾದ 40 ಜಿಬಿಯ ಒಂದು ಫೈಲಿನ ಎಸ್‌ಎಚ್‌ಎ-256 ಚೆಕ್‌ಸಮ್ಮನ್ನು (ಫೈಲಿನ ಒಳಗಿನದರಿಂದ ಲೆಕ್ಕ ಹಾಕುವ ಗುರುತು, ಒಂದು ಬಿಟ್ ಬದಲಾದರೂ ಬದಲಾಗುತ್ತದೆ) ಮೇಲಿಂದ ಮೇಲೆ ತೆಗೆದು ನೋಡಿದೆ. ಫೈಲು ಚಿಕ್ಕದಾದರೆ ವಿಂಡೋಸ್ ಅದನ್ನು ರ‍್ಯಾಮ್‌ನಲ್ಲೇ ಇಟ್ಟುಕೊಂಡು ಅದನ್ನೇ ಮತ್ತೆ ಓದಿಬಿಡುತ್ತದೆ, ಅದಕ್ಕೇ ದೊಡ್ಡದು ಬೇಕು. ನಾಲ್ಕಾರು ಸಲ ಒಂದೇ ಉತ್ತರ, ನಡುವೆ ಒಮ್ಮೆ ಪೂರ್ತಿ ಬೇರೆ ಉತ್ತರ. ಎಕ್ಸ್‌ಪೋ ಆಫ್ ಮಾಡಿ 4800ರಲ್ಲಿ ಅದನ್ನೇ ಮಾಡಿದಾಗ ಒಮ್ಮೆಯೂ ಬದಲಾಗಲಿಲ್ಲ. ಡಿಸ್ಕು, ಕೇಬಲ್‌ಗಳ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಎಕ್ಸ್‌ಪೋ ಆಗಲಿ, ಅದರಂಥದ್ದೇ ಇಂಟೆಲ್‌ನ ಎಕ್ಸ್‌ಎಂಪಿ ಆಗಲಿ, ಎರಡೂ ಓವರ್‌ಕ್ಲಾಕಿಂಗೇ, ಅಂದರೆ ಅಧಿಕೃತ ವೇಗ ಮೀರಿ ಓಡಿಸುವುದು. ಎಎಂಡಿಯ ರೈಜನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಅಧಿಕೃತ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕು ಸ್ಟಿಕ್ ಹಾಕಿದರೆ ಬರೀ 3600. ಪೆಟ್ಟಿಗೆಯ ಮೇಲೆ 6000 ಎಂದು ಅಚ್ಚಾಗಿದ್ದರೂ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಅಷ್ಟಕ್ಕೆ ಒಪ್ಪಲೇಬೇಕೆಂದಿಲ್ಲ. ಹಾಗಾಗಿ ಮೊದಲು ಕಂಟ್ರೋಲರ್ ಮೇಲೇ ಕಣ್ಣಿಟ್ಟೆ. ಒಂದೊಂದೇ ಸ್ಟಿಕ್ಕನ್ನು ಎ2 ಸ್ಲಾಟ್‌ಗೆ ಹಾಕಿ, ಆಮೇಲೆ ಎರಡನ್ನೂ ಎ2, ಬಿ2ಗೆ ಹಾಕಿ, ಯುಎಸ್‌ಬಿಯಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಬೂಟ್ ಮಾಡಿ ಗಂಟೆಗಟ್ಟಲೆ ಓಡಿಸಿದೆ. 6000ರಲ್ಲೂ ಒಂದೂ ಎರರ್ ಇಲ್ಲ!

ಬಹಳ ಜನ ಇಲ್ಲಿಗೇ ನಿಲ್ಲಿಸಿ ವಿಂಡೋಸ್ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕೂತಿರುತ್ತದೆ ಎಂಬುದನ್ನು ಮರೆಯಬಾರದು. ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5 ಎಂಬ ಇನ್ನೊಂದು ರ‍್ಯಾಮ್ ಪರೀಕ್ಷೆ ಹಚ್ಚಿ, ಜೊತೆಗೇ ಗ್ರಾಫಿಕ್ಸ್ ಕಾರ್ಡಿಗೂ ಲೋಡ್ ಕೊಟ್ಟು, ಪಕ್ಕದಲ್ಲಿ ಸೆನ್ಸರ್‌ಗಳನ್ನು ಓದಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ತೆರೆದಿಟ್ಟೆ. ಡಿಡಿಆರ್5 ಸ್ಟಿಕ್‌ನಲ್ಲೇ ಉಷ್ಣಾಂಶದ ಸೆನ್ಸರ್ ಇರುವುದು ದೊಡ್ಡ ಅನುಕೂಲ. ಕಾರ್ಡಿನ ಬಿಸಿಗಾಳಿ ನೇರ ರ‍್ಯಾಮ್ ಮೇಲೆ ಹೋಗಿ, ನಲವತ್ತರ ಆಸುಪಾಸಿನಲ್ಲಿದ್ದ ಸ್ಟಿಕ್ 60 ಡಿಗ್ರಿ ದಾಟಿತು. ದಾಟಿದ ಸ್ವಲ್ಪ ಹೊತ್ತಿಗೆ ಎರರ್‌ಗಳು ಸಾಲಾಗಿ ಬಂದವು. ಕೇಸಿನ ಪಕ್ಕದ ಬಾಗಿಲು ತೆಗೆದು ಒಂದು ಫ್ಯಾನನ್ನು ಸ್ಟಿಕ್‌ಗಳ ಕಡೆ ತಿರುಗಿಸಿ, ಮಿಕ್ಕದ್ದೇನೂ ಮುಟ್ಟದೆ ಮತ್ತೆ ಓಡಿಸಿದೆ. ಎರರ್ ನಿಂತುಹೋಯಿತು.

ಹಾಗಂತ 60 ಡಿಗ್ರಿ ಡಿಡಿಆರ್5ಗೆ ಸಹಿಸಲಾಗದ ಕಾವೇನಲ್ಲ, ಸಾಮಾನ್ಯ ರಿಫ್ರೆಶ್ (ರ‍್ಯಾಮ್‌ನ ಡೇಟಾ ಅಳಿಯದಂತೆ ಆಗಾಗ ಮತ್ತೆ ತುಂಬುವುದು) ಲೆಕ್ಕ 85 ಡಿಗ್ರಿಯವರೆಗೂ ನಡೆಯುತ್ತದೆ. ಬೇರೇನೋ ಇರಬೇಕೆಂದು ಬಯೋಸ್‌ನಲ್ಲಿನ ರ‍್ಯಾಮ್ ಟೈಮಿಂಗ್ ಪಟ್ಟಿಯನ್ನು ಸಾಲು ಸಾಲಾಗಿ ನೋಡುತ್ತ ಹೋದೆ. ಟಿಆರ್‌ಇಎಫ್‌ಐ ಎಂಬ ಸಾಲಿನಲ್ಲಿ 50000 ಎಂದಿತ್ತು. ಎಕ್ಸ್‌ಪೋ ಜೊತೆಗೆ ಮದರ್‌ಬೋರ್ಡು ತನ್ನದೇ ಒಂದು ‘ವೇಗದ’ ಪ್ರಿಸೆಟ್ಟನ್ನೂ ಹಚ್ಚಿಬಿಟ್ಟಿತ್ತು.

ರ‍್ಯಾಮ್‌ನ ಪ್ರತಿ ಬಿಟ್ಟೂ ತೂತು ಬಿದ್ದ ಮಡಕೆಯಲ್ಲಿನ ನೀರಿದ್ದಂತೆ, ಬರಿದಾಗುವ ಮೊದಲೇ ಮತ್ತೆ ತುಂಬುತ್ತಿರಬೇಕು. ಹಾಗೆ ತುಂಬಲು ಬರುವ ರಿಫ್ರೆಶ್‌ಗಳ ನಡುವಿನ ಅಂತರವೇ ಟಿಆರ್‌ಇಎಫ್‌ಐ. ಡಿಡಿಆರ್5ನಲ್ಲಿ ಅದು ಸಾಮಾನ್ಯವಾಗಿ 3.9 ಮೈಕ್ರೊಸೆಕೆಂಡ್. 6000ದ ರ‍್ಯಾಮಿನ ನಿಜವಾದ ಕ್ಲಾಕ್ 3000 ಮೆಗಾಹರ್ಟ್ಸ್ (ಒಂದು ಸೈಕಲ್‌ಗೆ ಎರಡು ವರ್ಗಾವಣೆ) ಆದ್ದರಿಂದ ಲೆಕ್ಕ ಹಾಕಿದರೆ 11700 ಸೈಕಲ್. 50000 ಎಂದರೆ 16 ಮೈಕ್ರೊಸೆಕೆಂಡಿಗೂ ಹೆಚ್ಚು, ನಾಲ್ಕು ಪಟ್ಟಿಗಿಂತ ಜಾಸ್ತಿ. ಕಾವು ಏರಿದಷ್ಟೂ ಸೋರಿಕೆ ಹೆಚ್ಚುತ್ತದೆ. ತಣ್ಣಗಿರುವಾಗ ಹೇಗೋ ನಿಭಾಯಿಸುತ್ತಿದ್ದ ಅಂತರ ಬಿಸಿಯಾದಾಗ ಅತಿಯಾಗುತ್ತಿತ್ತು.

ಡಿಡಿಆರ್5ನಲ್ಲೇ ತಪ್ಪು ತಿದ್ದುವ ಇಸಿಸಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಚಿಪ್ಪಿನೊಳಗಿನ ಒಂಟಿ ಬಿಟ್ ತಪ್ಪನ್ನಷ್ಟೇ ತಿದ್ದುತ್ತದೆ. ಚಿಪ್ಪಿನಿಂದ ಕಂಟ್ರೋಲರ್‌ವರೆಗಿನ ದಾರಿಯನ್ನು ಕಾಯುವುದು ಅದರ ಕೆಲಸವಲ್ಲ, ಒಟ್ಟಿಗೆ ಹಲವು ಬಿಟ್ ಕೆಟ್ಟರೂ ಅದರ ಕೈಯಲ್ಲಿ ಆಗದು.

ಪ್ರಿಸೆಟ್ ಆಫ್ ಮಾಡಿ ಟಿಆರ್‌ಇಎಫ್‌ಐಯನ್ನು 11700ಕ್ಕೆ ಇಳಿಸಿದೆ, ಮಿಕ್ಕದ್ದೆಲ್ಲ ಎಕ್ಸ್‌ಪೋ ಹೇಳಿದಂತೆಯೇ. ಬಾಗಿಲು ಮುಚ್ಚಿ, ಕಾರ್ಡು ಕಾಯಿಸಿ ರಾತ್ರಿಯಿಡೀ ಓಡಿಸಿದರೂ ಎರರ್ ಬರಲಿಲ್ಲ. ವೇಗ ಇಳಿದದ್ದು ಬೆಂಚ್‌ಮಾರ್ಕ್‌ನಲ್ಲಿ ಕಂಡಿತೇ ಹೊರತು ಕೆಲಸದಲ್ಲಿ ಅಲ್ಲ.

ರ‍್ಯಾಮ್ ತೊಂದರೆ ಎಂದ ಕೂಡಲೇ ವೋಲ್ಟೇಜ್ ಏರಿಸಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನು ಅದಕ್ಕೆ ಕೈ ಹಾಕಲಿಲ್ಲ. ರ‍್ಯಾಮ್ ವೋಲ್ಟೇಜ್ ಏರಿದರೆ ಕಾವೂ ಏರುತ್ತದೆ, ನನ್ನ ತೊಂದರೆಯೇ ಕಾವು. ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್‌ಗೆ ಹೋಗುವ ಎಸ್‌ಒಸಿ ವೋಲ್ಟೇಜ್ ಅಂತೂ ಹುಡುಗಾಟದ ವಿಷಯವಲ್ಲ: ಕೆಲವು ಪ್ರೊಸೆಸರ್‌ಗಳು ಸುಟ್ಟ ಮೇಲೆ 2023ರಲ್ಲಿ ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು.

ಇಷ್ಟಾದ ಮೇಲೂ ಒಂದು ಕೆಲಸ ಉಳಿದಿತ್ತು. ರ‍್ಯಾಮ್ ಎಡವುತ್ತಿದ್ದಾಗ ಡಿಸ್ಕಿಗೆ ಬರೆದ ಯಾವ ಫೈಲನ್ನೂ ನಂಬುವಂತಿಲ್ಲ. ವಿಂಡೋಸ್‌ಗೆ ಅದರ ಸಿಸ್ಟಂ ಫೈಲ್‌ಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಓಡಿಸಿದೆ. ಆ ಅವಧಿಯಲ್ಲಿ ಕಾಪಿ ಮಾಡಿದ ಫೋಟೋಗಳನ್ನು ಹಳೆಯ ಬ್ಯಾಕಪ್ಪಿನ ಚೆಕ್‌ಸಮ್ ಜೊತೆ ಹೋಲಿಸಿ, ತಾಳೆಯಾಗದವನ್ನು ಬ್ಯಾಕಪ್ಪಿನಿಂದ ಮತ್ತೆ ತಂದುಕೊಂಡೆ.