ಪುರಸಭೆಯ ಪದಕ: ಉಜ್ಜುವ ಮೊದಲು ಇದನ್ನು ಓದಿ

ವಿಕ್ಟೋರಿಯಾ ರಾಣಿಯ 1887ರ ಸುವರ್ಣ ಮಹೋತ್ಸವ, 1897ರ ವಜ್ರಮಹೋತ್ಸವ ಮತ್ತು ಆನಂತರದ ಪಟ್ಟಾಭಿಷೇಕಗಳ ನೆನಪಿಗೆಂದು ಬ್ರಿಟನ್ನಿನ ಪುರಸಭೆಗಳು ಶಾಲಾ ಮಕ್ಕಳಿಗೆ ಹಂಚಿದ ಪದಕಗಳು ಅಲ್ಲಿನ ಹಳೆಯ ಸಾಮಾನಿನ ಸಂತೆಗಳಲ್ಲಿ ಇಂದಿಗೂ ಅಗ್ಗವಾಗಿ ಸಿಗುತ್ತವೆ. ಕೊಂಡವರು ಮನೆಗೆ ಬಂದೊಡನೆ ಮಾಡುವ ಮೊದಲ ಕೆಲಸವೆಂದರೆ ತಿಕ್ಕಿ ಬೆಳಗುವುದು. ನನ್ನ ಪರಿಚಿತರೊಬ್ಬರು 1902ರ ಕಂಚಿನ ಪದಕವೊಂದನ್ನು ಪೂಜಾ ಪಾತ್ರೆಗಳ ಜೊತೆಗೇ ಹುಣಸೆಹಣ್ಣು ಹಾಕಿ ತೊಳೆದು ತಂದಿದ್ದರು. ಏಳನೆಯ ಎಡ್ವರ್ಡ್ ದೊರೆಯ ಗಡ್ಡದ ಎಳೆಗಳೆಲ್ಲ ಅಳಿಸಿ, ಮುಖ ಹೊಸ ತಾಮ್ರದ ಚೊಂಬಿನಂತೆ ಕೆಂಪಗೆ ನುಣುಪಾಗಿತ್ತು.

ಮೊದಲು ಲೋಹವನ್ನು ಗುರುತಿಸಿ. ಅಂಗಿಯ ಗುಂಡಿಯಷ್ಟು ಹಗುರವೆನಿಸಿದರೆ ಅದು ಅಲ್ಯುಮಿನಿಯಂ. ವಿದ್ಯುತ್ತಿನ ನೆರವಿನಿಂದ ಅದನ್ನು ಬೇರ್ಪಡಿಸುವ ವಿಧಾನ 1886ರಲ್ಲಿ ಕೈಗೂಡಿ ಬೆಲೆ ಇಳಿದದ್ದರಿಂದ 1897ರ ಪದಕಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಬೂದು ಬಣ್ಣ, ಕೈಗೆ ಭಾರ ಎಂದರೆ ಸಾಮಾನ್ಯವಾಗಿ ತವರವೇ ಹೆಚ್ಚಿರುವ ಮೆದು ಮಿಶ್ರಲೋಹ. ಇದನ್ನೇ ಬೆಳ್ಳಿಯೆಂದು ಮಾರುವವರಿದ್ದಾರೆ, ನಂಬಬೇಡಿ. ಕಂದು ಬಣ್ಣದ್ದು ಕಂಚು.

ಕೆಲಸ ಕೆಡುವುದು ಶುಚಿಗೊಳಿಸುವಾಗ. ಕಂಚಿನ ಮೇಲಿನ ಕಂದು ಪದರವನ್ನು ಕೊಳೆಯೆಂದು ತಿಳಿಯಬೇಡಿ. ಬಹಳಷ್ಟು ಪದಕಗಳಿಗೆ ಆ ಬಣ್ಣವನ್ನು ತಯಾರಕರೇ ಕೊಟ್ಟಿರುತ್ತಾರೆ, ಒಮ್ಮೆ ಹೋದರೆ ಅದು ಮರಳದು. ಹುಳಿ, ಹಿತ್ತಾಳೆಯ ಪಾಲಿಶ್, ಟೂತ್‌ಪೇಸ್ಟ್ ಯಾವುದೂ ಬೇಡ. ತವರದ ಪದಕದ ಮೇಲೆ ಟೂತ್‌ಪೇಸ್ಟ್ ಗೀರು ಬಿಡುತ್ತದೆ, ಅಲ್ಯುಮಿನಿಯಮ್ಮನ್ನು ಬಟ್ಟೆ ಸೋಡಾ ತಿನ್ನುತ್ತದೆ. ರಿಬ್ಬನ್ನಿದ್ದರೆ ಅದಕ್ಕೆ ನೀರು ತಾಕಿಸಲೇಬಾರದು, ಬಣ್ಣ ಬಿಡುತ್ತದೆ. ಧೂಳನ್ನು ಮೆದುವಾದ ಬ್ರಷ್‌ನಿಂದ ಒಣಗಿದ್ದಂತೆಯೇ ಕೊಡವಿ. ಅಷ್ಟಕ್ಕೂ ಹೋಗದ ಜಿಡ್ಡಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದೇ ಹನಿ ಸೌಮ್ಯ ಸೋಪು ಬೆರೆಸಿ, ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ ಹಿಂಡಿ, ಒತ್ತದೆ ಉರುಳಿಸುತ್ತ ಹೋಗಿ. ಪ್ರತಿ ಸಲವೂ ಹೊಸ ಕಡ್ಡಿ ತೆಗೆದುಕೊಳ್ಳಿ, ಏಕೆಂದರೆ ಹಳೆಯದರಲ್ಲಿ ಸಿಕ್ಕ ಮರಳಿನ ಒಂದು ಕಣ ರಾಣಿಯ ಕೆನ್ನೆಯ ಮೇಲೆ ಗೆರೆ ಎಳೆಯಲು ಸಾಕು. ಬಳಿಕ ಬರಿಯ ನೀರಿನಲ್ಲಿ ಅದೇ ರೀತಿ ಒರೆಸಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ತೇವ ತೆಗೆದು, ಪೂರ್ತಿ ಒಣಗಲು ಒಂದು ದಿನ ಬಿಡಿ. ಕಂಚಿನ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದು, ಒರೆಸಿದ ಕೆಲವೇ ದಿನಗಳಲ್ಲಿ ಮತ್ತೆ ಕಾಣಿಸಿಕೊಂಡರೆ ಲೋಹ ಒಳಗಿನಿಂದ ಸವೆಯುತ್ತಿದೆಯೆಂದು ತಿಳಿದು, ಪುಡಿಯನ್ನು ಬಿದಿರಿನ ಕಡ್ಡಿಯಿಂದ ಕೆರೆದು, ಸಿಲಿಕಾ ಜೆಲ್ ಹಾಕಿದ ಬಿಗಿಯಾದ ಡಬ್ಬದಲ್ಲಿಡಿ. ಬೇರೇನೂ ಮಾಡದಿರುವುದೇ ಲೇಸೆಂದು ನಾನು ಹತ್ತರಲ್ಲಿ ಒಂಬತ್ತು ಸಲ ಹೇಳುತ್ತೇನೆ.

ಬರಹವನ್ನು ಓದುವಾಗ ಪಕ್ಕದಿಂದ ದೀಪ ಹಿಡಿಯಿರಿ. ಊರಿನ ಲಾಂಛನ, ಮೇಯರ್ ಹೆಸರು, ದೊರೆಯ ಇಲ್ಲವೆ ರಾಣಿಯ ಕತ್ತಿನ ಕೆಳಗಿನ ತಯಾರಕರ ಹೆಸರು ಆಗಲೇ ಕಾಣುವುದು. ದಿನಾಂಕವನ್ನು ಮಾತ್ರ ಕುರುಡಾಗಿ ನಂಬಬೇಡಿ. ಎಡ್ವರ್ಡ್ ಪಟ್ಟಾಭಿಷೇಕ 1902ರ ಜೂನ್ 26ಕ್ಕೆ ನಿಗದಿಯಾಗಿತ್ತು. ದೊರೆಗೆ ತುರ್ತು ಶಸ್ತ್ರಚಿಕಿತ್ಸೆಯಾದ ಕಾರಣ ಅದು ಆಗಸ್ಟ್ 9ರಂದು ನಡೆಯಿತು. ಮೊದಲೇ ಅಚ್ಚಾಗಿದ್ದ ಪದಕಗಳಲ್ಲಿ ಜೂನ್ ಹಾಗೆಯೇ ಉಳಿದಿದೆ, ಅದು ನಕಲಿಯ ಗುರುತಲ್ಲ. ಎಂಟನೆಯ ಎಡ್ವರ್ಡ್ ಪಟ್ಟಾಭಿಷೇಕದ ಪದಕಗಳಂತೂ ನಡೆಯದ ಸಮಾರಂಭದವು. ಆತ 1936ರ ಡಿಸೆಂಬರಿನಲ್ಲಿ ಸಿಂಹಾಸನ ತ್ಯಜಿಸಿದ, 1937ರ ಮೇ 12ರ ಅದೇ ಮುಹೂರ್ತಕ್ಕೆ ಆತನ ತಮ್ಮ ಪಟ್ಟವೇರಿದ.

ಇಡುವುದು ಸುಲಭ: ಆಮ್ಲರಹಿತ ಕಾಗದದ ಲಕೋಟೆ ಸಾಕು. ಸ್ಟೇಷನರಿ ಅಂಗಡಿಯ ಮೆದು ಪಿವಿಸಿ ಚೀಲಗಳು ವರ್ಷಗಳಲ್ಲಿ ಹಸಿರು ಅಂಟನ್ನು ಬಿಡುತ್ತವೆ. ಅಂಟಾಗಿದ್ದರೆ ಶುದ್ಧ ಅಸಿಟೋನಿನಿಂದ ಒರೆಸಬಹುದು, ಆದರೆ ಎನಾಮೆಲ್ ಬಣ್ಣ ತುಂಬಿದ ಪದಕದ ಮೇಲೆ ಅದನ್ನು ಬಳಸಬೇಡಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುವುದರಿಂದ ಅದೂ ಬೇಡ.