ಪಿಕ್ಸೆಲ್ ಕ್ಲಸ್ಟರ್ ಎಣಿಸಿ ಲ್ಯುಮಿನಾಸಿಟಿ ಅಳೆಯುವ ಬಗೆ

ಲ್ಯುಮಿನಾಸಿಟಿ ಎಂದರೆ ಕಣಗಳ ಬೀಮ್‌ಗಳು ಎಷ್ಟು ದಟ್ಟವಾಗಿ ಡಿಕ್ಕಿ ಹೊಡೆಯುತ್ತಿವೆ ಎಂಬ ಅಳತೆ. ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಎಲ್‌ಎಚ್‌ಸಿಯ ಸಿಎಂಎಸ್ ಪ್ರಯೋಗದಲ್ಲಿ 2017ರಲ್ಲಿ ಕೂರಿಸಿದ ಪಿಕ್ಸೆಲ್ ಡಿಟೆಕ್ಟರಿನಲ್ಲಿ ಸುಮಾರು 12.4 ಕೋಟಿ ಪಿಕ್ಸೆಲ್‌ಗಳಿವೆ, ಒಂದೊಂದೂ 100×150 ಮೈಕ್ರಾನ್. ಎದುರುಬದುರಾಗಿ ಬರುವ ಬಂಚ್‌ಗಳು (ಪ್ರೋಟಾನ್ ಗೊಂಚಲುಗಳು) ಒಮ್ಮೆ ಹಾಯ್ದಾಗ 50 ಘರ್ಷಣೆ ಆದರೂ ಒಟ್ಟಾರೆ ಸಾವಿರಕ್ಕೊಂದು ಪಿಕ್ಸೆಲ್ ಕೂಡ ಮಿಡಿಯುವುದಿಲ್ಲ. ಎರಡು ಕ್ಲಸ್ಟರ್ (ಒಂದು ಕಣ ಮಿಡಿಸಿದ ಅಕ್ಕಪಕ್ಕದ ಪಿಕ್ಸೆಲ್‌ಗಳ ಗುಂಪು) ಒಂದರ ಮೇಲೊಂದು ಬೀಳುವುದು ಅಪರೂಪವಾದ್ದರಿಂದ ಎಣಿಕೆ ಘರ್ಷಣೆಗಳ ಜೊತೆಗೇ ನೇರವಾಗಿ ಏರುತ್ತದೆ. ಖಾಲಿ ಘಟನೆಗಳನ್ನು, ಅಂದರೆ ಒಂದೂ ಕ್ಲಸ್ಟರ್ ಕಾಣದ ಹಾಯುವಿಕೆಗಳನ್ನು, ಎಣಿಸುವ ವಿಧಾನ ಇಲ್ಲಿ ನಡೆಯದು. ಖಾಲಿ ಘಟನೆಯೇ ಸಿಗುವುದಿಲ್ಲ.

ಲೆಕ್ಕ ಸರಳ. ಒಂದು ಬಂಚ್‌ನ ಸರಾಸರಿ ಕ್ಲಸ್ಟರ್ ಸಂಖ್ಯೆಯನ್ನು ಸುತ್ತುವ ಆವರ್ತನದಿಂದ (ಸೆಕೆಂಡಿಗೆ 11,245) ಗುಣಿಸಿ, ಸಿಗ್ಮಾ-ವಿಸಿಬಲ್‌ನಿಂದ (ಎಣಿಕೆಯನ್ನು ಲ್ಯುಮಿನಾಸಿಟಿಗೆ ಬದಲಿಸುವ ಸಂಖ್ಯೆ) ಭಾಗಿಸಬೇಕು. ನಾನು ಘಟನೆಗಳನ್ನು ಝೀರೋ ಬಯಾಸ್ ಟ್ರಿಗರ್‌ನಿಂದಲೇ (ಟ್ರಿಗರ್ ಎಂದರೆ ಯಾವ ಘಟನೆ ದಾಖಲಿಸಬೇಕೆಂದು ಆರಿಸುವ ವ್ಯವಸ್ಥೆ; ಇದು ಒಳಗೇನಾಯಿತೆಂದು ನೋಡದೆ ಆರಿಸುತ್ತದೆ) ತೆಗೆದುಕೊಳ್ಳುತ್ತೇನೆ; ಬೇರೆ ಯಾವ ಟ್ರಿಗರ್ ಆದರೂ ಗದ್ದಲದ ಘಟನೆಗಳನ್ನೇ ಆರಿಸಿ ಕೊಡುತ್ತದೆ. ಸರಾಸರಿ ತೆಗೆಯುವಾಗ ಆ ಬಂಚ್‌ನಲ್ಲಿ ದಾಖಲಾದ ಘಟನೆಗಳ ಸಂಖ್ಯೆಯಿಂದ ಭಾಗಿಸಿ, ಕಳೆದ ಸಮಯದಿಂದಲ್ಲ. ಟ್ರಿಗರ್‌ನ ಡೆಡ್‌ಟೈಮ್ (ಏನನ್ನೂ ದಾಖಲಿಸಲಾಗದ ಹೊತ್ತು) ಎಲ್ಲ ಬಂಚ್‌ಗೂ ಒಂದೇ ಸಮ ಇರುವುದಿಲ್ಲ.

ಕೈ ಕೊಡುವುದು ಮಾಡ್ಯೂಲ್ ಪಟ್ಟಿ, ಅಂದರೆ ಡಿಟೆಕ್ಟರಿನ ಯಾವ ಪಿಕ್ಸೆಲ್ ಫಲಕಗಳನ್ನು ಎಣಿಕೆಗೆ ಸೇರಿಸಬೇಕು ಎಂಬ ಪಟ್ಟಿ. ಬೀಮ್ ಸುತ್ತ ಕೊಳವೆಯಂತಿರುವ ಬ್ಯಾರೆಲ್ ಪದರಗಳಲ್ಲಿ ಒಳಗಿನ ಮೊದಲನೆಯದನ್ನು ನಾನು ಪೂರ್ತಿ ಬಿಡುತ್ತೇನೆ. ದರ ಹೆಚ್ಚಾದಾಗ ಅಲ್ಲಿನ ರೀಡ್ಔಟ್ (ಸಿಗ್ನಲ್ ಓದಿ ಹೊರಗೆ ಕಳಿಸುವ) ಚಿಪ್‌ನ ಬಫರ್ ತುಂಬಿ ಹಿಟ್‌ಗಳು ಕಳೆದುಹೋಗುತ್ತವೆ, ನೇರ ಗೆರೆ ಬಾಗುತ್ತದೆ. ಉಳಿದ ಪದರಗಳಲ್ಲಿ ಪ್ರತಿ ಮಾಡ್ಯೂಲ್ ಒಟ್ಟು ಎಣಿಕೆಯಲ್ಲಿ ಎಷ್ಟು ಪಾಲು ಕೊಡುತ್ತದೆ ಎಂದು ವರ್ಷದುದ್ದಕ್ಕೂ ಗ್ರಾಫ್ ಹಾಕಿ ನೋಡುತ್ತೇನೆ. ಪಾಲು ಎಗರಿದ ಮಾಡ್ಯೂಲ್ ಒಂದೇ ದಿನ ಕೆಟ್ಟಿದ್ದರೂ ಇಡೀ ವರ್ಷಕ್ಕೆ ಹೊರಗೆ. ಸಿಗ್ಮಾ-ವಿಸಿಬಲ್ ಆ ಪಟ್ಟಿಗೆ ಅಂಟಿಕೊಂಡ ಸಂಖ್ಯೆ. ಪಟ್ಟಿಯಲ್ಲಿ ಒಂದು ಮಾಡ್ಯೂಲ್ ಬದಲಾದರೂ ಅದನ್ನು ಮತ್ತೆ ಲೆಕ್ಕ ಹಾಕಲೇಬೇಕು.

ಆ ಸಂಖ್ಯೆ ಸಿಗುವುದು ವಾನ್ ಡರ್ ಮೀರ್ ಸ್ಕ್ಯಾನ್‌ನಿಂದ: ಎರಡು ಬೀಮ್‌ಗಳ ನಡುವಿನ ದೂರ ಬದಲಿಸುತ್ತಾ ಎಣಿಕೆ ಹೇಗೆ ಏರಿಳಿಯುತ್ತದೆ ಎಂಬ ಕರ್ವ್ ತೆಗೆಯುವುದು. ಬೀಮ್‌ಗಳನ್ನು ಮೊದಲು ಅಡ್ಡಲಾಗಿ, ಆಮೇಲೆ ಲಂಬವಾಗಿ, ಹೆಜ್ಜೆಗೆ 30 ಸೆಕೆಂಡಿನಂತೆ ಸುಮಾರು 25 ಹೆಜ್ಜೆ ಸರಿಸುತ್ತಾರೆ. ರೀಡ್ಔಟ್‌ಗೆ ಮಿತಿ ಇರುವುದರಿಂದ ಟ್ರಿಗರನ್ನು ಐದೇ ಬಂಚ್ ಜೋಡಿಗಳಿಗೆ ಕಟ್ಟಬೇಕು. ಎಲ್ಲಕ್ಕೂ ಹಂಚಿದರೆ ಕರ್ವ್‌ನ ಅಂಚಿನಲ್ಲಿ ಒಂದು ಬಂಚ್‌ಗೂ ಸಾಕಷ್ಟು ಎಣಿಕೆ ಉಳಿಯದು. ಬೀಮ್‌ಗಳು ಎರಡೂ ದಿಕ್ಕಿನಲ್ಲಿ ಪೂರ್ತಿ ದೂರವಿದ್ದಾಗ ಸಿಕ್ಕ ಎಣಿಕೆ ಬರೀ ಹಿನ್ನೆಲೆ. ಅದನ್ನು ಮೊದಲೇ ಕಳೆಯಿರಿ. ಬೀಮ್ ಸರಿಸುವ ಮ್ಯಾಗ್ನೆಟ್ ಹೇಳಿದ ದೂರವನ್ನೂ ಹಾಗೇ ನಂಬಬೇಡಿ, ಕಣಗಳ ಜಾಡು ಹಿಡಿಯುವ ಟ್ರ್ಯಾಕರ್ ಕಂಡ ವರ್ಟೆಕ್ಸ್‌ಗಳ (ಘರ್ಷಣೆ ನಡೆದ ಬಿಂದುಗಳ) ಜಾಗದ ಜೊತೆ ತಾಳೆ ನೋಡಿ.

ಇನ್ನು ಆಫ್ಟರ್‌ಗ್ಲೋ, ಅಂದರೆ ಘರ್ಷಣೆ ಮುಗಿದ ಮೇಲೂ ಉಳಿಯುವ ಎಣಿಕೆ. ಬಂಚ್‌ಗಳ ನಡುವೆ 25 ನ್ಯಾನೋಸೆಕೆಂಡ್ ಅಷ್ಟೇ. ತಡವಾದ ಸಿಗ್ನಲ್ ಮುಂದಿನ ಸ್ಲಾಟ್‌ಗೆ (ಬಂಚ್ ಬರಬಹುದಾದ ಮುಂದಿನ ಹೊತ್ತಿಗೆ) ಚೆಲ್ಲುತ್ತದೆ. ಜೊತೆಗೆ ಸುತ್ತಲಿನ ವಸ್ತು ವಿಕಿರಣಶೀಲವಾಗಿ ನಿಧಾನವಾಗಿ ಇಳಿಯುವ ಬಾಲವನ್ನು ಬಿಡುತ್ತದೆ. ಒಂದು ಸುತ್ತಿನ 3,564 ಸ್ಲಾಟ್‌ಗಳನ್ನೂ ಕ್ರಮವಾಗಿ ದಾಟುತ್ತಾ, ಪ್ರತಿ ಸ್ಲಾಟ್‌ನ ಈ ಎರಡು ಪಾಲನ್ನು ಮುಂದಿನವುಗಳಿಂದ ಕಳೆಯುತ್ತಾ ಹೋಗುತ್ತೇನೆ. ಬಂಚ್‌ಗಳ ಸಾಲು ಮುಗಿದ ಮೇಲಿನ ಖಾಲಿ ಸ್ಲಾಟ್‌ಗಳು ಸೊನ್ನೆಯ ಸುತ್ತ ನಿಂತರೆ ತಿದ್ದುಪಡಿ ಸರಿ. ಸೊನ್ನೆಗಿಂತ ಕೆಳಗಿಳಿದರೆ ಜಾಸ್ತಿ ಕಳೆದಿದ್ದೀರಿ. ಮೊದಲ ಖಾಲಿ ಸ್ಲಾಟ್ ಒಂದೇ ಎದ್ದು ನಿಂತಿದ್ದರೆ ಚೆಲ್ಲುವಿಕೆಯ ಪಾಲು ತಪ್ಪಾಗಿದೆ, ಬಾಲದ್ದಲ್ಲ.