ಎರೆಹೊಲದ ಕೃಷ್ಣಮೃಗ, ಮಸುಕಾಗುತ್ತಿದ್ದ ಚಿತ್ರ

ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ ಕಡೆಯ ಎರೆಹೊಲಗಳಲ್ಲಿ ಕಾರಿನಿಂದಲೇ ಕೃಷ್ಣಮೃಗಗಳ ಚಿತ್ರ ತೆಗೆಯುವಾಗ ನನ್ನನ್ನು ಕಾಡಿದ್ದು ಒಂದೇ ತೊಂದರೆ. 600 ಎಂಎಂ ಲೆನ್ಸ್‌ನಲ್ಲಿ ಕೊಂಬಿನ ಸುರುಳಿಯೂ ಸ್ಪಷ್ಟವಾಗುತ್ತಿರಲಿಲ್ಲ. ಅಲುಗಾಟದಿಂದ ಮಸುಕಾಗದಿರಲೆಂದು ಷಟರ್ ವೇಗವನ್ನು 1/2000 ಸೆಕೆಂಡಿಗೆ ಏರಿಸಿದರೂ ಅಷ್ಟೇ.

ದೋಷ ಲೆನ್ಸ್‌ನದಲ್ಲ, ಗಾಳಿಯದು. ಎಸಿಯ ತಂಪು ಗಾಳಿ ತೆರೆದ ಕಿಟಕಿಯಲ್ಲಿ ಹೊರಗಿನ ಬಿಸಿಗಾಳಿಯೊಂದಿಗೆ ಬೆರೆಯುತ್ತದೆ. ಗಾಳಿಯ ಸಾಂದ್ರತೆ ಏರುಪೇರಾಗಿ ಬೆಳಕು ಅಲ್ಲೇ ಬಾಗುತ್ತದೆ, ಚಿತ್ರ ಮಸುಕಾಗುತ್ತದೆ. ಬಾನೆಟ್ಟಿನ ಕಾವೂ ಹಾಗೆಯೇ.

ಈಗ ಹೊಲ ತಲುಪುವ ಮೊದಲೇ ಎಸಿ ನಿಲ್ಲಿಸಿ ಎಲ್ಲ ಗಾಜುಗಳನ್ನು ಇಳಿಸುತ್ತೇನೆ. ಎಂಜಿನ್ ಆರಿಸಿ, ಜೋಳ ತುಂಬಿದ ಚೀಲದ ಮೇಲೆ ಲೆನ್ಸ್ ಇಟ್ಟು ಕಾಯುತ್ತೇನೆ. ಕಣ್ಣಿನ ಸುತ್ತಲಿನ ಬಿಳಿ ಉಂಗುರವೂ ಎದ್ದು ಕಾಣುತ್ತದೆ, ಎಂಥ ಚೆಲುವು ಅದು! ಕಪ್ಪು ಮಣ್ಣು ಬೇಗ ಕಾಯುವುದರಿಂದ ಬಿಸಿಲೇರಿದ ಮೇಲೆ ದೂರದ ಹಿಂಡಿಗೆ ಯಾವ ಉಪಾಯವೂ ನಡೆಯದು, ಸೂರ್ಯೋದಯಕ್ಕೇ ಹೋಗಬೇಕು.